ಹಲಗೆಯ ಮೇಲಿನ ಮೊದಲ ಚೀಟಿ

ಏಪ್ರಿಲ್ ತಿಂಗಳ ಕೊನೆಯ ಗುರುವಾರ, ಬೆಳಿಗ್ಗೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ, ಎಲ್ಡನ್ ಹ್ರೂಬಿ ಟೊಲೀಡೋ ಡ್ರೆಜರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕಚೇರಿಯ ನೆಲಮಾಳಿಗೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತು, ಯಾರೂ ಒಪ್ಪಿಸದ ಕೆಲಸವೊಂದನ್ನು ಮುಗಿಸುತ್ತಿದ್ದ. ಅವನ ಸಂಬಳದ ಕೆಲಸ ಐದು ರಾಜ್ಯಗಳ ಕಾಲೇಜು ಹುಡುಗರ ಆಟ ನೋಡಿ ಅಂಕಿ ಕೊಡುವುದು. ಆದರೆ ಎದುರಿನ ಪರದೆಯ ಮೇಲೆ ಓಡುತ್ತಿದ್ದದ್ದು ತನ್ನ ತಂಡದ್ದೇ ಹೋದ ವರ್ಷದ ಪಂದ್ಯಗಳು. ಚೆಂಡು ಅದನ್ನು ಎಸೆಯುವ ಕ್ವಾರ್ಟರ್‌ಬ್ಯಾಕಿನ ಕೈಗೆ ಬಂದೊಡನೆ ಒಂದು ಸಲ ಒತ್ತುತ್ತಿದ್ದ, ಎದುರಾಳಿ ಎಡಗಡೆಯ ಕಾವಲನ್ನು ಮುರಿದು ಅವನ ಮೈಮೇಲೆ ಬಿದ್ದೊಡನೆ ಇನ್ನೊಂದು ಸಲ. ಐನೂರ ಹನ್ನೆರಡು ಎಸೆತಗಳನ್ನು ಹೀಗೆ ಅಳೆದು ಸರಾಸರಿ ತೆಗೆದ. ಎರಡು ಪಾಯಿಂಟ್ ಒಂದು ಸೆಕೆಂಡು. ಬರೆದುಕೊಂಡು, ಅಡಿಗೆರೆ ಎಳೆದು, ಆರಿದ ಕಾಫಿ ಕುಡಿದ.

ಆವತ್ತು ಡ್ರಾಫ್ಟ್. ಎಲ್ಲ ತಂಡಗಳೂ ಸರದಿಯಲ್ಲಿ ಕೂತು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ. ಹೆಚ್ಚು ಸೋತವರಿಗೆ ಮೊದಲ ಸರದಿ. ಹದಿನೇಳರಲ್ಲಿ ಹದಿನಾಲ್ಕು ಪಂದ್ಯ ಸೋತಿದ್ದ ಡ್ರೆಜರ್ಸಿಗೆ ಮೂರನೆಯದು. ಮೊದಲ ಸುತ್ತಿನಲ್ಲೇ ಕ್ವಾರ್ಟರ್‌ಬ್ಯಾಕನ್ನು ತರಬೇಕೋ ಬೇಡವೋ ಎಂದು ಊರು ಜನವರಿಯಿಂದ ಕಿತ್ತಾಡುತ್ತಿತ್ತು. ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಚರ್ಚಿನ ನೆಲಮನೆಯಲ್ಲಿ ಮೀನು ಕರಿಯುವ ಬರ್ನೀ ವೊಯ್ಟಾಸ್, ಎಲ್ಡನ್ನನ ತಟ್ಟೆಗೆ ಎರಡು ತುಂಡು ಹಾಕುತ್ತಲೇ ಶುರುಮಾಡಿದ್ದ.

"ಏನ್ ಮೇಷ್ಟ್ರೇ, ಈ ಸಲನಾದ್ರೂ ಎಸೆಯೋ ಹುಡುಗನ್ನ ತರ್ತೀರೋ, ಇಲ್ಲ ಮತ್ತೊಂದು ಗುಡಾಣ ತಂದು ಕಾವಲಿಗೆ ನಿಲ್ಲಿಸ್ತೀರೋ?"

"ಮನೆಗೆ ಬಾಗಿಲೇ ಇಲ್ಲ ಬರ್ನೀ. ಒಳಗೆ ಪಿಯಾನೋ ತಂದಿಟ್ಟು ಏನ್ ಮಾಡ್ತೀಯ?"

"ಬಾಗಿಲು ನೋಡೋಕೆ ಯಾರು ಬರ್ತಾರೆ ಸ್ವಾಮಿ ಸ್ಟೇಡಿಯಮ್ಮಿಗೆ!" ಎಂದು ಬರ್ನೀ ಕೂಗಿದಾಗ ಸಾಲಿನಲ್ಲಿ ನಿಂತವರೆಲ್ಲ ನಕ್ಕಿದ್ದರು.

ಎಲ್ಡನ್ನನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದುದಕ್ಕೆ ಕಾರಣವಿತ್ತು. ಒಂಬತ್ತು ವರ್ಷ ಅವನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ್ದ. ಆಮೇಲೆ ಇಪ್ಪತ್ತಾರು ವರ್ಷ ಈ ಕೆಲಸ. ನಾಲ್ಕು ಸಾವಿರಕ್ಕೂ ಹೆಚ್ಚು ಹುಡುಗರಿಗೆ ಅಂಕಿ ಕೊಟ್ಟಿದ್ದ. ಪ್ರತಿಯೊಂದಕ್ಕೂ ಕಾರಣ ಬರೆದಿಟ್ಟಿದ್ದ.

ಅವನ ಬದುಕಿನ ಹೆಮ್ಮೆ ಮಾತ್ರ ಬೇರೆ. ಹದಿನೇಳು ವರ್ಷಗಳ ಹಿಂದೆ, ಕೈಕುಲುಕಿದ ರೀತಿ ಹಿಡಿಸಿತೆಂದು ಅಂದಿನ ಮಾಲೀಕ ಒಬ್ಬ ಹುಡುಗನನ್ನು ಆರಿಸಿಬಿಟ್ಟಿದ್ದ. ಆ ಹುಡುಗ ಆಡಲಾರದೆ ಹೋದಾಗ ಕೆಲಸ ಕಳೆದುಕೊಂಡವರು ಮಾಲೀಕನಲ್ಲ, ಎಲ್ಡನ್ನನಂತೆ ಅಂಕಿ ಕೊಡುವ ಎಂಟು ಮಂದಿ ಆಯ್ಕೆಗಾರರು. ಉಳಿದುಕೊಂಡ ಎಲ್ಡನ್ ಒಂದು ಹಾಳೆಯಲ್ಲಿ ನಿಯಮ ಬರೆದು, ಎರಡು ವರ್ಷ ಕಾದಾಡಿ ಅದನ್ನು ಒಪ್ಪಿಸಿದ. ಪ್ರತಿ ಹುಡುಗನ ಹೆಸರಿಗೆ ಒಂದು ಅಯಸ್ಕಾಂತದ ಚೀಟಿ. ಚೀಟಿಗಳು ಹಲಗೆಯ ಮೇಲೆ ಅಂಕಿಯ ಕ್ರಮದಲ್ಲೇ ನಿಲ್ಲಬೇಕು. ಅಂಕಿ ಸಮ ಬಂದರೆ ತಂಡಕ್ಕೆ ಹೆಚ್ಚು ಬೇಕಾದವನು ಮೇಲೆ. ಸರದಿ ಬಂದಾಗ ಉಳಿದವರಲ್ಲಿ ಮೇಲಿರುವ ಚೀಟಿಯನ್ನೇ ತೆಗೆಯಬೇಕು. ಮಾಲೀಕನೂ ಅದನ್ನು ದಾಟುವಂತಿಲ್ಲ. ಕಡೆಯ ಸಾಲನ್ನು ಅವನು ಕೆಂಪು ಶಾಯಿಯಲ್ಲಿ ಬರೆದಿದ್ದ: ಅಂಕಿ ಹುಡುಗನದು, ತಂಡದ್ದಲ್ಲ. ಕಚೇರಿಯಲ್ಲಿ ಅದಕ್ಕೆ ಮೇಷ್ಟ್ರ ಕಾನೂನು ಎಂದೇ ಹೆಸರು.

ಆ ಕಾನೂನು ಕೋಲ್ಬಿ ರೆನ್‌ಷಾ ಬರುವವರೆಗೆ ಅವನನ್ನು ಕಾಡಿರಲಿಲ್ಲ.

ಕೋಲ್ಬಿ ಒಹಾಯೋ ನದಿಯ ದಂಡೆಯ ಪಾಟರ್ಸ್ ಬೆಂಡ್ ಎಂಬ ಸಣ್ಣ ಊರಿನವನು. ಅವನನ್ನು ಮೊದಲು ಗುರುತಿಸಿದ್ದೇ ಎಲ್ಡನ್. ಉಳಿದ ಕ್ವಾರ್ಟರ್‌ಬ್ಯಾಕ್‌ಗಳು ಎದುರಾಳಿಯ ಹೆಜ್ಜೆ ಸದ್ದಿಗೇ ಚೆಂಡು ಎಸೆದು ಕೈತೊಳೆದುಕೊಂಡರೆ, ಈ ಹುಡುಗ ಕಾಯುತ್ತಿದ್ದ. ಓಡುವ ಗೆಳೆಯನಿಗೆ ದಾರಿ ತೆರೆಯುವವರೆಗೂ, ತಲೆ ಕೂಡ ತಿರುಗಿಸದೆ. ಮುನ್ನೂರ ಮೂವತ್ತೆಂಟು ಎಸೆತಗಳ ಸರಾಸರಿ ಎರಡು ಪಾಯಿಂಟ್ ಒಂಬತ್ತು ಸೆಕೆಂಡು. ಎಲ್ಡನ್ ಅಂಥದ್ದನ್ನು ಕಂಡಿರಲೇ ಇಲ್ಲ.

ಹುಡುಗನ ತಾಯಿ ನೊರೀನ್ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ಎಲ್ಡನ್ ಮೂರು ಸಲ ಅವಳ ಮನೆಯಲ್ಲಿ ಹುರುಳಿಕಾಯಿ ಬೀಜದ ಸೂಪು, ಜೋಳದ ಬ್ರೆಡ್ಡು ತಿಂದಿದ್ದ. ಮೂರನೆಯ ಸಲ ಅವಳು ಬಟ್ಟಲು ತುಂಬುತ್ತಾ, "ಹ್ರೂಬಿಯವ್ರೇ, ನನಗೆ ಆಟ ಅರ್ಥ ಆಗಲ್ಲ. ಇವನು ಹೊಡೆತ ಬರೋದನ್ನ ನೋಡೋದೇ ಇಲ್ಲ, ಅದೊಂದು ಗೊತ್ತು. ಚಿಕ್ಕವನಿದ್ದಾಗ್ಲೂ ರಸ್ತೆ ದಾಟುವಾಗ ಹಂಗೇ," ಎಂದಿದ್ದಳು. ಕೋಲ್ಬಿ ನಕ್ಕು, "ಅಮ್ಮಾ, ಸಾಕು ಬಿಡೇ, ಅವ್ರು ಅದನ್ನೂ ಬರ್ಕೋತಾರೆ," ಎಂದಿದ್ದ. ಎಲ್ಡನ್ ನಿಜವಾಗಿಯೂ ಬರೆದುಕೊಂಡಿದ್ದ.

ಗುರುವಾರ ಒಂಬತ್ತು ಗಂಟೆಗೆ ಕಡೆಯ ಓದು ಶುರುವಾಯಿತು. ಪ್ರತಿ ಆಯ್ಕೆಗಾರನೂ ಎದ್ದು ನಿಂತು ತನ್ನ ಅಂಕಿಗಳನ್ನು ಗಟ್ಟಿಯಾಗಿ ಓದಬೇಕು. ಬೇಕೆನಿಸಿದರೆ ಆಗಲೇ ಅಂಕಿಯನ್ನು ಕೊಂಚ ಏರಿಸಬಹುದು, ಇಳಿಸಬಹುದು; ಆಮೇಲಿಲ್ಲ. ಹಲಗೆಯಲ್ಲಿ ಕೋಲ್ಬಿಯ ಚೀಟಿಗೆ ಅಂಟಿಕೊಂಡಂತೆ ಕೆಳಗಿದ್ದದ್ದು ಸಿಯೋನೆ ತಾವಾಕೆಯ ಚೀಟಿ. ಸಿಯೋನೆ ಎಡಗಡೆ ಕಾವಲು ನಿಲ್ಲುವವನು, ಗೋಡೆಯಂಥ ಹುಡುಗ; ತಂಡಕ್ಕೆ ಹೆಚ್ಚು ಬೇಕಾದವರ ಪಟ್ಟಿಯಲ್ಲಿ ಎಡಗಡೆ ಕಾವಲೇ ಮೊದಲು. ಅವನಿಗೆ ಅಂಕಿ ಕೊಟ್ಟಿದ್ದವನು ಪಶ್ಚಿಮದ ರಾಜ್ಯಗಳನ್ನು ನೋಡಿಕೊಳ್ಳುವ ಹೆಕ್ಟರ್ ಬರೋನಾ. ನಾಲ್ಕನೆಯವರಿಗೆ ಎಸೆಯುವವನು ಬೇಕಿರಲಿಲ್ಲ; ಐದನೆಯ ಸರದಿಯ ತಂಡಕ್ಕೆ ಬೇಕಾದಷ್ಟು ಗಟ್ಟಿ ಕಾವಲಿತ್ತು, ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಡ್ರೆಜರ್ಸ್ ಬಿಟ್ಟರೆ ಕೋಲ್ಬಿ ಅಲ್ಲಿಗೇ ಹೋಗುತ್ತಿದ್ದ.

ಎಲ್ಡನ್ ಎದ್ದು ನಿಂತು, ಅಂಕಿ ಓದುವ ಮೊದಲು ತನ್ನ ಲೆಕ್ಕದ ಹಾಳೆಯನ್ನು ಮೇಜಿನ ಮೇಲಿಟ್ಟ. "ಕೋಲ್ಬಿಯನ್ನ ನಾವು ತಗೋಬಾರ್ದು," ಎಂದ.

ತಂಡದ ವ್ಯವಸ್ಥಾಪಕ ಡೇನ್ ವೆಸ್ಟ್‌ಕಾಟ್‌ಗೆ ಮೂವತ್ತೆಂಟು ವಯಸ್ಸು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಮೇಷ್ಟ್ರೇ, ಹುಡುಗ ಸರಿಯಿಲ್ಲ ಅಂತೀರಾ?"

"ನಾನು ನೋಡಿದವರಲ್ಲೆಲ್ಲ ಇವನೇ ಮೇಲು."

"ಮತ್ತೇನ್ರೀ?"

"ಅವನು ಕಾಯ್ತಾನೆ ಡೇನ್. ಅವನ ಶಕ್ತಿನೇ ಅದು. ಎರಡು ಪಾಯಿಂಟ್ ಒಂಬತ್ತು ಸೆಕೆಂಡು ಬೇಕು ಅವನಿಗೆ. ನಮ್ಮ ಎಡಗಡೆ ಕಾವಲು ನಿಲ್ಲೋದು ಎರಡು ಪಾಯಿಂಟ್ ಒಂದು. ಮಿಕ್ಕಿದ್ದಷ್ಟು ಹೊತ್ತು ಅವನು ಹೊಡೆತಕ್ಕೆ ಬೆನ್ನು ಕೊಟ್ಟು ನಿಂತಿರ್ತಾನೆ. ಪ್ರತಿ ಸಲ. ಈ ವರ್ಷ ಸಿಯೋನೆಯನ್ನ ತಗೊಳ್ಳೋಣ. ಎಸೆಯೋನು ಬರೋ ವರ್ಷ ಸಿಗ್ತಾನೆ."

"ಬೇಗ ಎಸೆಯೋದು ಕಲಿಸಿದ್ರಾಯ್ತಪ್ಪ."

"ಕಲಿಸಿದ್ರೆ ಆಮೇಲೆ ಉಳಿಯೋನು ಇವನಲ್ಲ."

ಡೇನ್ ಗೋಡೆಗೆ ತೂಗುಹಾಕಿದ್ದ ನಿಯಮದ ಹಾಳೆಯತ್ತ ಬೆರಳು ತೋರಿಸಿದ. "ಕೆಂಪಕ್ಷರದ್ದು ಓದಿ. ಬರೆದೋರು ನಾನಲ್ಲ. ಸ್ಟಾಪ್‌ವಾಚು ನಮ್ಮ ತಂಡದ್ದು, ಅಂಕಿ ಹುಡುಗನದು. ಅಂಕಿ ಬದಲಾಯಿಸ್ತೀರೋ ಬದಲಾಯಿಸಿ. ಇಲ್ಲಾಂದ್ರೆ ಓದಿ ಕೂತ್ಕೊಳ್ಳಿ."

ಹೆಕ್ಟರ್ ಪಕ್ಕದಿಂದ ಅವನ ತೋಳು ಹಿಡಿದು, "ಇಳಿಸಿಬಿಡಿ ಮೇಷ್ಟ್ರೇ. ಯಾರ್ ಕೇಳ್ತಾರೆ? ಮೊಣಕಾಲು ಸ್ವಲ್ಪ ಸಂಶಯ ಅಂತ ಬರೀರಿ," ಎಂದು ಪಿಸುಗುಟ್ಟಿದ.

"ಅವನ ಮೊಣಕಾಲು ಚೆನ್ನಾಗಿದೆ," ಎಂದ ಎಲ್ಡನ್.

ಅವನ ಕೈಯಲ್ಲಿ ಪೆನ್ಸಿಲ್ ಇತ್ತು. ಇಪ್ಪತ್ತಾರು ವರ್ಷದಲ್ಲಿ ಒಂದು ಅಂಕಿಯನ್ನೂ ಅವನು ಬಾಗಿಸಿರಲಿಲ್ಲ. ಇದೊಂದನ್ನು ಬಾಗಿಸಿದರೆ ಉಳಿದ ನಾಲ್ಕು ಸಾವಿರಕ್ಕೆ ಏನು ಬೆಲೆ? ಹೀಗೆ ಯೋಚಿಸಿದಾಗ ತಾನು ಹುಡುಗನನ್ನು ಬಿಟ್ಟು ತನ್ನ ಬಗ್ಗೆ ಯೋಚಿಸುತ್ತಿದ್ದೇನೆಂದು ಅವನಿಗೆ ಹೊಳೆಯಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದೇ ತಿಳಿದ. ಕಾಗದದಲ್ಲಿದ್ದುದನ್ನೇ ಸ್ಪಷ್ಟವಾಗಿ ಓದಿ ಕೂತ. ಹೆಕ್ಟರ್ ಮುಖ ತಿರುಗಿಸಿಕೊಂಡ.

ಸಂಜೆ ಎಂಟೂಕಾಲಿಗೆ ಡೇನ್ ಮೇಲಿನ ಚೀಟಿಯನ್ನು ಹಲಗೆಯಿಂದ ಕಿತ್ತ. ಊರೆಲ್ಲ ಕಾರುಗಳ ಹಾರನ್ ಸದ್ದು. ಬರ್ನೀ ಫೋನ್ ಮಾಡಿ, "ಮೇಷ್ಟ್ರೇ, ನಿಮ್ಮ ಹೊಟ್ಟೆ ತಣ್ಣಗಿರ್ಲಿ! ಮುಂದಿನ್ ವರ್ಷ ನಿಮಗೆ ಮೀನು ಬಿಟ್ಟಿ!" ಎಂದು ಅತ್ತೇಬಿಟ್ಟ. ಸಿಯೋನೆಯನ್ನು ನಾಲ್ಕನೆಯ ಸರದಿಯವರು ಒಯ್ದರು.

ಮೊದಲ ಐದು ಪಂದ್ಯಗಳಲ್ಲಿ ಕೋಲ್ಬಿಯನ್ನು ಮೂವತ್ತೊಂದು ಸಲ ನೆಲಕ್ಕೆ ಕೆಡವಿದರು. ಅವನು ಎದ್ದ, ಮತ್ತೆ ಕಾದ. ಅಕ್ಟೋಬರಿನಲ್ಲಿ ಆರನೆಯ ಪಂದ್ಯ. ಎಸೆಯಲೆಂದು ತೋಳನ್ನು ಹಿಂದಕ್ಕೆ ಎಳೆದಿದ್ದಾಗ ಎಡಗಡೆಯಿಂದ ನುಗ್ಗಿದವನು ಪೂರ್ತಿ ಭಾರ ಹಾಕಿ ಬಿದ್ದ. ಭುಜದ ನರ ಹರಿಯಿತು. ಮೂರು ಶಸ್ತ್ರಚಿಕಿತ್ಸೆಗಳ ಬಳಿಕವೂ ಬಲಗೈಯ ಎರಡು ಬೆರಳಿಗೆ ಬಿಸಿ ತಣ್ಣಗೆ ತಿಳಿಯುತ್ತಿರಲಿಲ್ಲ. ಇನ್ನು ಆಟವಿಲ್ಲ ಎಂದರು ವೈದ್ಯರು.

"ಹಲಗೆ ತಪ್ಪಿರಲಿಲ್ಲ. ಅಂಕಿ ಸರಿಯಾಗೇ ಇತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ," ಎಂದು ಡೇನ್ ರೇಡಿಯೋದಲ್ಲಿ ಹೇಳಿದ. ಅವನು ಹೇಳಿದ ಒಂದೊಂದು ಮಾತೂ ಎಲ್ಡನ್ನನ ನಿಯಮದ ಹಾಳೆಯಿಂದಲೇ ಬಂದದ್ದು. ಮುಂದಿನ ಈಸ್ಟರಿಗೆ ಮುಂಚೆ ಬರ್ನೀ ಒಂದೇ ತುಂಡು ಮೀನು ಹಾಕಿ, "ಗಾಜಿನ ಹುಡುಗನ್ನ ಹಿಡ್ಕೊಂಡ್ ಬಂದ್ರಲ್ಲ ಮೇಷ್ಟ್ರೇ," ಎಂದ. ಎಲ್ಡನ್ ಅದನ್ನು ತಿನ್ನದೆ ಎದ್ದ. ಆ ವಾರವೇ ಕೆಲಸ ಬಿಟ್ಟ. ಬೀಳ್ಕೊಡುಗೆಯ ದಿನ, ನಿಯಮದ ಹಾಳೆಗೆ ಹೊಸ ಚೌಕಟ್ಟು ಹಾಕಿಸಿದ್ದನ್ನು ಅವನಿಗೆ ಹೆಮ್ಮೆಯಿಂದ ತೋರಿಸಿದರು.

ಮೇ ತಿಂಗಳಲ್ಲಿ ಅವನು ಪಾಟರ್ಸ್ ಬೆಂಡಿಗೆ ಹೋದ. ಮಧ್ಯಾಹ್ನ ಎರಡು ಗಂಟೆ. ಶಾಲೆಯ ಊಟದ ಕೋಣೆಯಿಂದ ಮಕ್ಕಳು ಉಂಡೆದ್ದು ಹೋಗಿದ್ದರು, ನೊರೀನ್ ಮೇಜು ಒರೆಸುತ್ತಿದ್ದಳು. ಅವನನ್ನು ಕಂಡು ಬಟ್ಟೆ ಕೆಳಗಿಟ್ಟು, ಬಂದು ಅವನ ಎರಡೂ ಕೈ ಹಿಡಿದುಕೊಂಡಳು.

"ಹೆಕ್ಟರ್ ಅಂತ ಒಬ್ರು ಫೋನ್ ಮಾಡಿದ್ರು. ಆವತ್ತು ನೀವು ಬೇಡ ಬೇಡ ಅಂತ ಜಗಳ ಆಡಿದ್ರಂತೆ. ಅಷ್ಟು ಜನದಲ್ಲಿ ಒಬ್ರಾದ್ರೂ ಬಾಯಿ ಬಿಟ್ರಲ್ಲ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಎಲ್ಡನ್ ಕೈ ಬಿಡಿಸಿಕೊಂಡ. "ಬಾಯಲ್ಲಿ ಹೇಳಿದೆ. ಕಾಗದದಲ್ಲಿ ಹೇಳಲಿಲ್ಲ."

"ಅಂದ್ರೆ?"

ಅವನು ಹೇಳಿದ. ಚೀಟಿಗಳ ಕ್ರಮ, ಕಡೆಯ ಓದು, ಪೆನ್ಸಿಲ್, ಐದನೆಯ ಸರದಿಯ ತಂಡ, ಒಂದನ್ನೂ ಬಿಡದೆ, ತರಗತಿಯಲ್ಲಿ ಹೇಳುವಂತೆ. ಮುಗಿದ ಮೇಲೆ ಅವಳು ಮೇಜಿನ ಅಂಚನ್ನು ಹಿಡಿದುಕೊಂಡು ನಿಂತಳು.

"ಅವನು ಈಗ ಎಡಗೈಲಿ ಶೂ ಲೇಸ್ ಕಟ್ಟೋದು ಕಲೀತಿದಾನೆ," ಎಂದಳು. ಆಮೇಲೆ, "ಎಷ್ಟು, ಹ್ರೂಬಿಯವ್ರೇ? ಎಷ್ಟು ಕಮ್ಮಿ ಬರೆದಿದ್ರೆ ಅವರು ನನ್ನ ಮಗನ್ನ ಬಿಟ್ಟುಬಿಡ್ತಿದ್ರು?"

ಹೇಳದೆ ಇರಬಹುದಿತ್ತು. ಆದರೆ ಕೇಳಿದ ಅಳತೆಯನ್ನು ಕೊಡದೆ ಉಳಿದವನಲ್ಲ ಅವನು.

"ಪಾಯಿಂಟ್ ಒಂದು," ಎಂದ.