ಅಜ್ಜಿಯ ಎಡ ಅಂಗೈ

ತಿ. ನರಸೀಪುರದ ಶಾಲೆಯಲ್ಲಿ ಟೀಚರಾಗಿದ್ದಾಗ, ಸಂಗಮಕ್ಕೆ ಪಿಂಡ ಬಿಡಲು ಬರುವವರನ್ನು ಬಸ್ಸಿನ ಕಿಟಕಿಯಿಂದ ನೋಡಿ ನಗುತ್ತಿದ್ದೆ. ಅನ್ನದುಂಡೆ ನೀರಿಗೆ ಹಾಕಿದರೆ ಸತ್ತವರ ಹೊಟ್ಟೆ ತುಂಬುತ್ತದೆಯೇ ಎಂದು ಸ್ಟಾಫ್ ರೂಮಿನಲ್ಲಿ ವಾದಕ್ಕೂ ನಿಲ್ಲುತ್ತಿದ್ದೆ. ಅಜ್ಜಿ ಹೋದ ಮೇಲೆ ನನ್ನ ಬಾಯಿ ಕಟ್ಟಿತು. ಈಗ ಅವರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಸತ್ತವರಿಗೆ ಏನಾದರೂ ಕಡಿಮೆ ಮಾಡಿದ್ದರೆ ತುಂಬಿಕೊಡಲು ಅವರಿಗೊಂದು ದಾರಿಯಿದೆ. ನಮ್ಮಲ್ಲಿ ಪಿಂಡವಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಸತ್ತರೆ ಶಿವನಲ್ಲಿ ಸೇರಿಹೋದರು ಎಂದೇ ಲೆಕ್ಕ. ಆಮೇಲೆ ನಾವು ಮಾಡುವುದು ಏನೂ ಉಳಿದಿರುವುದಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಕವಲಂದೆಯ ಕಡೆಯ ನಮ್ಮ ಹಳ್ಳಿಯಲ್ಲಿ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ಮುಖದ ಮಟ್ಟಕ್ಕೆ ಎತ್ತಿ ಹಿಡಿದು ದಿಟ್ಟಿಸುತ್ತಿದ್ದಳು. ಅಷ್ಟು ಹೊತ್ತೂ ಮನೆಯಲ್ಲಿ ಯಾರೂ ಕಾಫಿ ಕೇಳುವಂತಿರಲಿಲ್ಲ. ತೊಂಬತ್ತರ ದಶಕದಲ್ಲಿ ನಾನು ಕಾಲೇಜು ಸೇರಿ, ನನ್ನ ಲಿಂಗ ಬಿಚ್ಚಿ ದೇವರ ಗೂಡಿನಲ್ಲಿಟ್ಟಾಗ ಅವಳು ಕೂಗಾಡಲಿಲ್ಲ.

"ನೀ ನಂಬ್ದಿದ್ರೆ ನಿಂಗೇನೂ ಇಲ್ಲ ಬುಡು. ನಾನು ನಂಬಿವ್ನಿ. ಸಾಯೋವಾಗ ಇದು ಮೈಮ್ಯಾಲಿದ್ರೆ ಶಿವ ನನ್ನ ಗುರ್ತು ಇಡೀತಾನೆ ಕಣವ್ವ," ಎಂದಳು.

"ಅದೇನು ಬಸ್ ಪಾಸಾ ಅಜ್ಜಿ?" ಎಂದು ನಕ್ಕಿದ್ದೆ. ಅವಳೂ ನಕ್ಕಿದ್ದಳು.

ಎರಡು ಸಾವಿರದ ಇಸವಿಯ ಈಚೆಗೆ, ಒಂದು ಬೇಸಿಗೆಯಲ್ಲಿ ಅವಳಿಗೆ ಲಕ್ವ ಹೊಡೆಯಿತು. ನಂಜನಗೂಡಿನ ಆಸ್ಪತ್ರೆಗೆ ಸೇರಿಸಿದೆವು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಬೆಳಿಗ್ಗೆ ಎದೆಯ ಎಕ್ಸ್‌ರೇಗೆ ಕರೆದೊಯ್ಯುವಾಗ ಕರಡಿಗೆ ಬಿಚ್ಚಲು ಹೇಳಿದರು. ಬಿಚ್ಚಿ ನನ್ನ ಬ್ಯಾಗಿನಲ್ಲಿಟ್ಟುಕೊಂಡೆ. ವಾರ್ಡಿಗೆ ವಾಪಸು ಬಂದಾಗ, ಮಧ್ಯಾಹ್ನ ಇನ್ನೊಂದು ತೆಗೆಯುವುದಿದೆ ಎಂದರು. ಹಾಗಾದರೆ ಈಗ ಕಟ್ಟಿ ಮತ್ತೆ ಬಿಚ್ಚುವುದೇಕೆ, ಆಮೇಲೆ ಕಟ್ಟಿದರಾಯಿತು ಅಂದುಕೊಂಡೆ. ನಂಬುವವರು ಯಾರೂ ಹೀಗೆ ಯೋಚಿಸುವುದಿಲ್ಲ. ಅಪ್ಪ ಇದ್ದಿದ್ದರೆ ಎಷ್ಟು ಸಲ ಬಿಚ್ಚಬೇಕಾದರೂ ಅಷ್ಟೂ ಸಲ ಕಟ್ಟುತ್ತಿದ್ದರು. ಅವರು ಔಷಧಿ ತರಲು ಹೋಗಿದ್ದರು.

ಆಗ ಅಜ್ಜಿ ಎಡಗೈ ಎತ್ತಿದಳು. ಆ ಕೈಗೇ ಡ್ರಿಪ್ ಹಾಕಿದ್ದರು.

"ಕೈ ಆಡಿಸ್ಬೇಡಜ್ಜಿ, ಸೂಜಿ ಕಿತ್ಕೊಳ್ತದೆ," ಎಂದು ಇಳಿಸಿದೆ.

ಮತ್ತೆ ಎತ್ತಿದಳು, ಮತ್ತೆ ಇಳಿಸಿದೆ. ಆಮೇಲೂ ಎತ್ತಿದಾಗ ಸಿಟ್ಟು ಬಂತು. ನಿದ್ದೆಗೆಟ್ಟು ನನಗೂ ತಲೆ ಕೆಟ್ಟಿತ್ತು. ಗದರಿದೆ, ಅವಳ ಮಣಿಕಟ್ಟನ್ನು ಹಾಸಿಗೆಗೆ ಅದುಮಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಕೈ ಸುಮ್ಮನಾಯಿತು. ಸದ್ಯ, ಮಾತು ಕೇಳಿದಳಲ್ಲ ಅಂದುಕೊಂಡೆ. ಉಸಿರು ನಿಂತಿದೆ ಎಂದು ಅಪ್ಪನೇ ಬಂದು ನೋಡಿ ಹೇಳಬೇಕಾಯಿತು.

ಮಾರನೆಯ ದಿನ ಹೊಲದಲ್ಲಿ ಗುಂಡಿ ತೋಡಿ, ನಮ್ಮ ಪದ್ಧತಿಯಂತೆ ಅವಳನ್ನು ಕೂರಿಸಿದರು. ಸಾಯುವಾಗ ಕರಡಿಗೆ ನನ್ನ ಬ್ಯಾಗಿನಲ್ಲೇ ಉಳಿದಿತ್ತೆಂದು ಎಲ್ಲರಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ನೋರು ಗುಂಡಿಗಿಳಿದು, ಅಜ್ಜಿಯ ಎಡಗೈಯನ್ನು ಮುಖದ ಮಟ್ಟಕ್ಕೆ ಎತ್ತಿ, ಬೆರಳು ಬಿಡಿಸಿ, ಅಂಗೈಯಲ್ಲಿ ಲಿಂಗ ಇಟ್ಟರು. ಆಸ್ಪತ್ರೆಯಲ್ಲಿ ಅವಳು ಕೈ ಎತ್ತಿದ್ದು ಹೀಗೆಯೇ. ಆಗಲೇ ನನಗೆ ತಿಳಿದದ್ದು.

ಉಳಿದವರೆಲ್ಲ ಮನೆಗೆ ಹೊರಟ ಮೇಲೆ ಅಪ್ಪನ ಎದುರಿಗೇ, ಅಜ್ಜಿ ಲಿಂಗ ಕೇಳುತ್ತಿದ್ದಳು, ನಾನು ಕೈ ಅದುಮಿ ಹಿಡಿದೆ ಎಂದು ಅಯ್ನೋರ ಮುಂದೆ ಅತ್ತು ಹೇಳಿಕೊಂಡೆ.

"ಅಳ್ಬೇಡ ಕಣವ್ವ. ನಂಬಿದೋರ್ಗೆ ಬರೀ ಅಂಗೈಲೂ ಲಿಂಗ ಕಾಣ್ತದೆ. ನಿಮ್ಮಜ್ಜಿ ಕೇಳ್ತಿರ್ನಿಲ್ಲ, ಪೂಜೆ ಮಾಡ್ತಿತ್ತು," ಎಂದರು.

ಅಪ್ಪನಿಗೆ ಆ ಮಾತು ಸಾಕಾಯಿತು. ನನಗೆ ಆಗಲಿಲ್ಲ. ಸತ್ತ ಮೇಲೆ ಏನೂ ಇಲ್ಲ ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ. ಆದರೆ ನಂಬಿದವರಿಗೆ ನಂಬಿದ ಹಾಗೇ ಆಗುವುದಾದರೆ? ಗುರುತು ಸಿಗದೆ ಅಜ್ಜಿ ಅಲ್ಲೆಲ್ಲೋ ನಿಂತೇ ಇದ್ದರೆ? ಅವಳು ಲಿಂಗ ಕೇಳುತ್ತಿದ್ದಳೋ, ಅಯ್ನೋರು ಹೇಳಿದಂತೆ ಪೂಜೆಯಲ್ಲಿದ್ದಳೋ, ನನಗೆ ಗೊತ್ತಿಲ್ಲ. ಕೇಳುತ್ತಿದ್ದರೆ ನಾನು ಕೊಡಲಿಲ್ಲ. ಪೂಜೆಯಲ್ಲಿದ್ದರೆ, ಅದನ್ನೂ ಮುಗಿಸಲು ಬಿಡಲಿಲ್ಲ.