ಮಂಕಾದ ಬೆಂಕಿ

ಯುದ್ಧ ಶುರುವಾದ ಮೇಲೆ ಗಿರಣಿಗೆ ಬರುವ ಕಲ್ಲಿದ್ದಲು ಕೆಟ್ಟಿತು. ಗೋಕಾಕದ ಅಂಚಿನ ಆ ಹತ್ತಿ ಗಿರಣಿಯಲ್ಲಿ ನಾನೂ ನನ್ನ ನೆಗೆಣ್ಣಿಯೂ ಬೂದಿ ಹೊರುತ್ತಿದ್ದೆವು. ಅವಳ ಗಂಡ, ನನ್ನ ಭಾವ, ಬಾಯ್ಲರಿನ ಬೆಂಕಿ ನೋಡಿಕೊಳ್ಳುತ್ತಿದ್ದರು. ಅದರ ಉಗಿಯಿಂದಲೇ ಕರೆಂಟು ಹುಟ್ಟಿ ಯಂತ್ರಗಳು ತಿರುಗಬೇಕು.

ಮೊದಲಿನ ಕಲ್ಲಿದ್ದಲು ಒಡೆದರೆ ಮಿಂಚುತ್ತಿತ್ತು. ಬೆಂಕಿ ಬೆಳ್ಳಗೆ ಉರಿಯುತ್ತಿತ್ತು. ಈಗ ಬಂದದ್ದು ಬರೀ ಪುಡಿ ಮತ್ತು ಕಲ್ಲು. ಎಷ್ಟು ಸುರಿದರೂ ಬೆಂಕಿ ಕೆಂಪಗೆ ಹೊಗೆಯಾಡುತ್ತಿತ್ತು. ಉಗಿ ಏರುತ್ತಿರಲಿಲ್ಲ. ಯಂತ್ರಗಳ ಸದ್ದು ಇಳಿಯುತ್ತ ಹೋಗಿ, ಎಲ್ಲರೂ ಕೆಲಸ ಬಿಟ್ಟು ತಲೆ ಎತ್ತಿ ನೋಡುತ್ತಿದ್ದರು. ಬೂದಿ ಮಾತ್ರ ಮುಗಿಯದು. ಅದರೊಳಗೆ ಕರಗಿ ಗಟ್ಟಿಯಾದ, ಗಾಜಿನಂಥ ಹೆಂಟೆಗಳು. ಒಲೆಯ ತಳದ ಸರಳುಗಳಿಗೆ ಅಂಟಿಕೊಂಡು ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತಿದ್ದವು.

ಭಾವ ಎಂಜಿನಿಯರರಿಗೆ ಹೇಳಿದರು: "ಸಾಹೇಬ್ರ, ಒಂದ್ ದಿನ ನಿಂದ್ರಸ್ರಿ. ಬೆಂಕಿ ಆರಿಸಿ ಸರಳ ಸ್ವಚ್ಛ ಮಾಡೂಣು."

"ಖರೆ ಐತಿ. ನನಗೂ ಅಂಜಿಕಿ ಆಗಾಕತ್ತೈತಿ," ಎಂದರು ಅವರು. "ಛಲೋದೆಲ್ಲಾ ರೈಲಿಗಿ ಹೋಗತೈತಿ, ನಮಗ ಉಳದದ್ದು ಇದ. ಧಣ್ಯಾರನ್ನ ಕೇಳತೀನಿ."

ಹುಕ್ಕೇರಿ ಕಡೆಯಿಂದ ಬಂದ ಹತ್ತಿ ಮುಗಿಯಲಿ, ಆಮೇಲೆ ನಿಲ್ಲಿಸೋಣ ಎಂದರಂತೆ ಮಾಲೀಕರು. ಗಾಡಿಗಳು ಬರುತ್ತಲೇ ಇದ್ದವು.

ಒಂದು ಮಧ್ಯಾಹ್ನ ಬೆಂಕಿ ಪೂರ್ತಿ ಮಂಕಾಯಿತು. ಮೇಲೆ ಸುರಿದ ಪುಡಿ ಉರಿಯದೆ ಒಳಗೊಳಗೇ ಹೊಗೆಯಾಗಿ ತುಂಬಿಕೊಂಡಿತ್ತು. ಹೆಂಟೆ ಒಡೆಯಲು ಭಾವ ಉದ್ದನೆಯ ಹಾರೆ ಹಿಡಿದರು. ನೆಗೆಣ್ಣಿ ಬುಟ್ಟಿ ಹಿಡಿದು ಹತ್ತಿರ ಹೋದಳು.

"ಹಿಂದ ಸರಿ," ಎಂದು ಅವಳಿಗೆ ಹೇಳಿ ಅವರು ಒಲೆಯ ಬಾಗಿಲು ತೆಗೆದರು. ಒಳಗೆ ಗಾಳಿ ನುಗ್ಗಿದ್ದೇ ತಡ, ಜ್ವಾಲೆ ಹೊರಗೆ ಹಾರಿತು. ಎಂಜಿನಿಯರರು ಓಡಿಬಂದು ತಮ್ಮ ಕೋಟನ್ನೇ ಭಾವನ ಮೇಲೆ ಹೊದಿಸಿದರು. ಎತ್ತಿನ ಚಕ್ಕಡಿಯಲ್ಲಿ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ನೆಗೆಣ್ಣಿ ಅಳಲಿಲ್ಲ. ಗಂಡನ ಮುಖಕ್ಕೆ ಕೂತ ನೊಣ ಓಡಿಸುತ್ತಿದ್ದಳು.

ಜೀವ ಉಳಿಯಿತು. ಬೆರಳುಗಳು ಒಂದಕ್ಕೊಂದು ಅಂಟಿ ಮುದುಡಿಹೋದವು. ಮೂಡಲಗಿಯ ನಮ್ಮ ಮನೆಗೆ ಕರೆದುಕೊಂಡು ಬಂದೆವು.

ಸರಳು ತೊಳೆಸಿ ಗಿರಣಿ ಮತ್ತೆ ಶುರು ಮಾಡಿದರು. ಕಲ್ಲಿದ್ದಲು ಅದೇ. ಭಾವನ ಜಾಗಕ್ಕೆ ನನ್ನ ಗಂಡನನ್ನು ಕರೆದರು. ಅವರು ಹೋದರು.

ನಾವಿಬ್ಬರೂ ರಜೆಗೆ ಊರಿಗೆ ಬಂದಾಗೆಲ್ಲ ಭಾವ ಒಂದೇ ಮಾತು ಕೇಳುತ್ತಿದ್ದರು: "ಬೆಂಕಿ ಹೆಂಗ ಉರಿಯಾಕತ್ತೈತೋ?"

"ಬೆಳ್ಳಗ ಉರಿತೈತಿ, ಅಣ್ಣಾ," ಎನ್ನುತ್ತಿದ್ದರು ನನ್ನ ಗಂಡ.

ಬೂದಿ ಹೊರುವ ನಾನು ಪಕ್ಕದಲ್ಲೇ ಕೂತು ರೊಟ್ಟಿ ಬಡಿಯುತ್ತಿದ್ದೆ. ಭಾವ ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ಎತ್ತುತ್ತಿರಲಿಲ್ಲ.