ಪಾಲಿಬೆಟ್ಟದ ಲೈನಿನಲ್ಲಿ ವಿಮೆಯ ಪ್ರಶ್ನೆ

ದೀಕ್ಷಾ, ತನುಷ್, ಇದು ನಿಮ್ಮ ಅಜ್ಜಿ ಪಾಲಿಬೆಟ್ಟಕ್ಕೆ ಹೋಗಿಬಂದ ಸಂಗತಿ. ಯಾರಾದರೂ ಮನೆಗೆ ಬಂದರೆ ನಾನು ಅಡುಗೆಮನೆ ಬಿಟ್ಟು ಈಚೆಗೆ ಬರುವವಳಲ್ಲ ಎಂದು ನಿಮಗೆ ಗೊತ್ತು. ಆದರೂ ಹೋದೆ.

ಕುಶಾಲನಗರದ ಕಡೆಯ ಹುಡುಗಿ ಸವಿತಾ ಆರೋಗ್ಯ ಸಮೀಕ್ಷೆಗೆಂದು ಕಕ್ಕಬೆಗೆ ಬಂದು ನಮ್ಮಲ್ಲೇ ಉಳಿದಿದ್ದಳು. ದೊಡ್ಡವರಲ್ಲಿ ಯಾರಿಗೆ ಆರೋಗ್ಯ ವಿಮೆ ಇದೆ, ಯಾರಿಗಿಲ್ಲ ಎಂದು ಮನೆಮನೆಗೆ ಹೋಗಿ ಕೇಳುವುದು ಅವಳ ಕೆಲಸ. ಪಾಲಿಬೆಟ್ಟದ ಎಸ್ಟೇಟ್ ಲೈನಿಗೆ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಗೆ, ತಮಿಳು ಬೇಕು. ತಮಿಳು ಬಲ್ಲ ಜೊತೆಗಾತಿ ಜ್ವರದಿಂದ ಮಲಗಿದ್ದಳು. ಮದುವೆಗೆ ಮುಂಚೆ ಆ ಕಡೆ ಕಾಫಿ ಕೊಯ್ಯುತ್ತ ನಾನು ತಮಿಳು ಕಲಿತಿದ್ದೆ ಎಂದು ತಿಳಿದು, ತನ್ನ ಮೇಲಿನವರನ್ನು ಕೇಳಿ ನನ್ನನ್ನೇ ಕರೆದಳು.

ಭಾನುವಾರ ಮಂಜು ಬಿಡುವ ಮೊದಲೇ ಹೊರಟೆವು. ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿದ್ದೇ ಟಿಕೆಟು. ವಿರಾಜಪೇಟೆಯಲ್ಲಿ ಬಸ್ ಬದಲಿಸುವಾಗ ಕಟ್ಟಿತಂದ ಅಕ್ಕಿರೊಟ್ಟಿ ತಿಂದೆವು. ದಾರಿಯುದ್ದಕ್ಕೂ ಸವಿತಾ ಒಂದೇ ಮಾತು ಹೇಳುತ್ತಿದ್ದಳು: "ಅಜ್ಜಿ, ಅವ್ರು ಹೇಳಿದ್ದಷ್ಟೇ ನಂಗೆ ಹೇಳಿ. ನೀವೇನೂ ಸೇರಿಸ್ಬೇಡಿ, ಹೇಳ್ಕೊಡ್ಲೂಬೇಡಿ." ಗೋಣಿಕೊಪ್ಪಲಿನಲ್ಲಿ ಸಂತೆಯ ಜನ. ಲೈನಿನವರು ಸಂತೆಗೆ ಹೊರಡುವ ಮೊದಲು ಸೇರಬೇಕೆಂದು ಜೀಪು ಹಿಡಿದೆವು.

ಮೊದಲ ಮನೆ ಪಳನಿಯಮ್ಮನದು. ಮನೆಯ ದೊಡ್ಡವರಲ್ಲಿ ಯಾರನ್ನು ಕೇಳಬೇಕೆಂದು ಸವಿತಾಳ ಟ್ಯಾಬೇ ಆರಿಸುತ್ತದೆ. ಪಳನಿಯಮ್ಮನ ಹೆಸರು ಬಂತು. ಗಂಡ, ಅವಳಿಗೇನು ಗೊತ್ತು, ನನ್ನನ್ನು ಕೇಳಿ ಎಂದು ಮುಂದೆ ಬಂದ.

"ವರ್ಷಕ್ಕೊಂದು ದಿನ ನಾನೂ ಮಾತಾಡ್ತೀನಿ. ನೀವು ಹೋಗಿ ಟೀ ಇಡಿ," ಎಂದಳು ಪಳನಿಯಮ್ಮ ತಮಿಳಿನಲ್ಲಿ. ಅವನು ನಗುತ್ತ ಒಳಗೆ ಹೋದ.

ಕಾಯಿಲೆಯ ಪ್ರಶ್ನೆಗೆ ಅವಳು ನನ್ನ ಕಿವಿಯ ಬಳಿ ಬಂದು ಹೇಳಿದಳು. ಗರ್ಭಕೋಶ ಜಾರಿತ್ತು. ಮೂಟೆ ಹೊರುವಾಗ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಡಾಕ್ಟರು ಆಪರೇಷನ್ ತಡಮಾಡಬೇಡಿ ಎಂದಿದ್ದರು. ವಿಮೆ ಇದೆಯೇ ಎಂದು ಕೇಳಿದರೆ, ಇಲ್ಲ ಎಂದಳು.

"ಸರ್ಕಾರದ ಆಸ್ಪತ್ರೆ ಕಾರ್ಡು ಬಂದಿತ್ತಕ್ಕಾ. ಹೋದ ವರ್ಷ ಇವರು ಹರ್ನಿಯಾಗೆ ತಗೊಂಡರಲ್ಲ. ಇನ್ನು ನನ್ನ ಪಾಳಿ ಬರ್ಬೇಕು."

ನನಗೆ ಅರ್ಥವಾಯಿತು. ಆ ಲೈನಿನಲ್ಲಿ ವರ್ಷಕ್ಕೆ ಮನೆಗೊಂದೇ ಕಂಬಳಿ ಕೊಡುತ್ತಾರೆ. ಒಂದು ವರ್ಷ ಗಂಡ ಹೊದ್ದರೆ ಮರುವರ್ಷ ಹೆಂಡತಿಗೆ. ಕಾರ್ಡೂ ಹಾಗೆಯೇ ಎಂದು ಅವಳು ನೋವು ನುಂಗಿಕೊಂಡು ಕಾಯುತ್ತಿದ್ದಳು. ಅದು ಮನೆಯವರಿಗೆಲ್ಲ ಸೇರಿದ್ದೆಂದು ಹೇಳಲು ನನ್ನ ಬಾಯಿ ತೆರೆದೇಬಿಟ್ಟಿತ್ತು. ಸವಿತಾ ಮೆಲ್ಲಗೆ ನನ್ನ ಕೈ ಅದುಮಿದಳು. ಟ್ಯಾಬಿನಲ್ಲಿ 'ಇಲ್ಲ' ಒತ್ತಿದಳು. ನನಗೆ ಅವಳ ಮೇಲೆ ಸಿಟ್ಟು ಬಂತು.

ಪ್ರಶ್ನೆಗಳೆಲ್ಲ ಮುಗಿದವು. ಸವಿತಾ ಟ್ಯಾಬನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. "ಈಗ ಹೇಳಿ ಅಜ್ಜಿ," ಎಂದಳು.

ಅಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟು ಜನರ ಮುಂದೆ ನಾನು ಎಂದೂ ಮಾತಾಡಿದವಳಲ್ಲ. ಆದರೂ ತಮಿಳಿನಲ್ಲಿ ಹೇಳಿದೆ: "ಪಳನಿಯಮ್ಮ, ಇದು ಕಂಬಳಿಯಲ್ಲ. ರೇಷನ್ ಕಾರ್ಡಿನಲ್ಲಿ ನಿನ್ನ ಹೆಸರಿದ್ದರೆ ನಿನಗೂ ಉಂಟು. ನಾಳೆಯೇ ಆಸ್ಪತ್ರೆಗೆ ಹೋಗಿ ಕೇಳು."

ಅವಳು ನನ್ನನ್ನು ನಂಬಲಿಲ್ಲ, ಸವಿತಾಳ ಮುಖ ನೋಡಿದಳು. ಸವಿತಾ ಹೌದೆಂದು ತಲೆಯಾಡಿಸಿದಳು. ಗಂಡ ಟೀ ಲೋಟ ಹಿಡಿದುಕೊಂಡು ನಿಂತೇ ಇದ್ದ. ಬೆಳಿಗ್ಗೆ ತಾನೇ ಕರೆದುಕೊಂಡು ಹೋಗುತ್ತೇನೆ, ತೋಟದ ಹಾಜರಿ ಬರೆಯುವ ರೈಟರಿಗೆ ರಜೆ ಹೇಳುತ್ತೇನೆ ಎಂದ.

ಹಿಂತಿರುಗುವಾಗ ಜೀಪಿನಲ್ಲಿ, ಆ 'ಇಲ್ಲ'ವನ್ನು ಈಗ ತಿದ್ದಬಹುದಲ್ಲ ಎಂದು ಕೇಳಿದೆ.

"ಬೇಡ ಅಜ್ಜಿ. ಕಾರ್ಡಿದ್ದೂ ಇಲ್ಲ ಅಂತ ಬದುಕ್ತಿದ್ದಾರಲ್ಲ, ಅದೂ ಲೆಕ್ಕಕ್ಕೆ ಬರ್ಬೇಕು. ಕಂಬಳಿ ವಿಷ್ಯಾನೂ ಬರ್ದಿದೀನಿ." ನನ್ನ ಸಿಟ್ಟು ಇಳಿಯಿತು. ಅಷ್ಟು ಜನರ ಮುಂದೆ ನನ್ನನ್ನು ಮಾತಾಡಿಸಿದ ಆ ಹುಡುಗಿಯ ಋಣ ನನ್ನ ಮೇಲಿದೆ.

ಹೋದ ವಾರ ಸವಿತಾ ಫೋನು ಮಾಡಿದ್ದಳು. ಮಡಿಕೇರಿಯಲ್ಲಿ ಅದೇ ಕಾರ್ಡಿನಲ್ಲಿ ಆಪರೇಷನ್ ಆಯಿತಂತೆ. ಚೇತರಿಸಿಕೊಂಡು ಪಳನಿಯಮ್ಮ ನಮ್ಮ ಮನೆಗೆ ಬರುತ್ತಾಳಂತೆ. ಅವಳಿಗೆ ಕನ್ನಡ ಓದಲು ಬಾರದು. ನಾನು ಬರೆದ ಇದನ್ನು ನೀವೇ ಓದಿ ಹೇಳಬೇಕು, ನಾನು ತಮಿಳಿನಲ್ಲಿ ತಿಳಿಸುತ್ತೇನೆ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.